ಒಂದು ಬೆರಳು, ಆಮೇಲೆ ಎರಡು

ಈ ಕಪ್ಪಿನ ಹಿಡಿಯೊಳಗೆ ಬೆರಳು ತೂರುವುದಿಲ್ಲ, ತೂರಿದರೆ ಹೊರಗೆ ಬರುವುದಿಲ್ಲ, ಎಮಿಲ್ ಹುಡಾಕ್ ಬಿಸಿ ಕಾಫಿಯನ್ನು ಎರಡೂ ಅಂಗೈಯಲ್ಲಿ ಅವಚಿ ಹಿಡಿದುಕೊಂಡ — ಚರ್ಚಿನ ನೆಲಮಾಳಿಗೆ, ಹ್ಯಾಮ್, ಆಲೂಗಡ್ಡೆ ಸಾಲಡ್ಡು, ಮಣ್ಣು ಮಾಡಿ ಬಂದವರ ಬೂಟುಗಳಲ್ಲಿ ಇನ್ನೂ ಹಸಿ ಮಣ್ಣು — ಹದಿಮೂರು ವರ್ಷ ಬೇಸ್‌ಬಾಲ್ ಆಟದಲ್ಲಿ ಬ್ಯಾಟಿನವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿದ ಕ್ಯಾಚರ್‌ನ ಕೈ, ಐದು ಬೆರಳೂ ಐದು ಊರಿನ ದಾರಿ ತೋರಿಸ್ತಾವಲ್ರೀ, ಯಾವುದನ್ನ ನಂಬೋದು, ಎಂದು ಹೆಂಡತಿ ರೋಜ್ ಕಿಚಾಯಿಸುತ್ತಾಳೆ, ಯಾವುದನ್ನೂ ನಂಬಬೇಡವೇ, ನಂಬಿದವನು ಅಲ್ಲಿ ಮಲಗಿದ್ದಾನೆ. ಆರ್ವಿಲ್ ಸ್ಟ್ರೌಡ್‌ನ ಬೆರಳುಗಳು ಮಾತ್ರ ನೆಟ್ಟಗೆ, ಚೆಂಡೆಸೆಯುವವನ ಬೆರಳು, ಪೆಟ್ಟಿಗೆಯಲ್ಲಿ ಎದೆಯ ಮೇಲೆ ಜೋಡಿಸಿದ್ದರು, ಉಗುರಿನ ಸಂದಿಯ ಕಲ್ಲಿದ್ದಲು ಯಾರು ಉಜ್ಜಿದರೂ ಹೋಗಿರಲಿಲ್ಲ, ನಲವತ್ತು ದಾಟುವ ಮೊದಲೇ ಪುಪ್ಪುಸ ಸುಟ್ಟುಕೊಂಡ, ಗಣಿಗೆ ಅವನನ್ನು ಇಳಿಸಿದ್ದು ಯಾರು, ನಾನು, ಈ ಎರಡು ಬೆರಳು.

ಒಂದು ಬೆರಳೆಂದರೆ ನೇರ ಚೆಂಡು, ಎರಡೆಂದರೆ ಬಾಗಿ ಬೀಳುವುದು, ತೊಡೆಗಳ ನಡುವೆ ಕ್ಯಾಚರ್ ತೋರಿಸಬೇಕು, ಪಿಚರ್ ಅದನ್ನೇ ಎಸೆಯಬೇಕು, ಆದರೆ ಪಿಚರ್‌ನ ಬೆನ್ನ ಹಿಂದೆ ಎರಡನೆಯ ಬೇಸಿನಲ್ಲಿ ಎದುರಾಳಿ ನಿಂತಿದ್ದರೆ ಅವನು ಬೆರಳು ಕದ್ದು ನೋಡಿ ಬ್ಯಾಟಿನವನಿಗೆ ಸನ್ನೆ ಮಾಡುತ್ತಾನೆ, ಅದಕ್ಕೇ ಸಂಜ್ಞೆ ಎರಡು ಸಲ, ಮೊದಲನೆಯದು ಸುಳ್ಳು, ಎರಡನೆಯದು ನಿಜ, ಈ ಕರಾರು ನನ್ನದೇ, ಮರೀಬೇಡ ಆರ್ವಿಲ್, ನಾನ್ಯಾಕೆ ಮರೀಲಿ ಮುದಿಯಾ, ನೀನು ಮರೀದಿದ್ರೆ ಸಾಕು — ನಲವತ್ತೊಂಬತ್ತನೇ ಇಸವಿಯ ಕೊನೆಯ ಆಟ, ಕೊನೆಯ ಸರದಿ, ಸಮಸಮ, ಎರಡನೆಯ, ಮೂರನೆಯ ಬೇಸುಗಳಲ್ಲಿ ಎದುರಾಳಿಗಳು, ಬ್ಯಾಟನ್ನು ಸವರಿದ ಚೆಂಡು ಬಂದು ಹೆಬ್ಬೆರಳಿಗೆ ಬಡಿಯಿತು, ಉಗುರು ಎದ್ದಿತು, ಕಣ್ಣೊಳಗೆ ಬಿಳಿ ಬೆಳಕು, ಆ ನೋವಿನಲ್ಲೇ ಒಂದು ಬೆರಳು ತೋರಿಸುತ್ತೇನೆ, ಆಮೇಲೆ ಎರಡು, ಮನಸ್ಸು ಮಾತ್ರ ಮೊದಲನೆಯದರಲ್ಲೇ ನಿಂತಿದೆ, ನೇರ ಚೆಂಡಿಗೆ ಕೈಗವಸು ಮೇಲೆತ್ತಿದ್ದೇನೆ, ಆರ್ವಿಲ್ ಎಸೆದದ್ದು ನಾನು ಕೇಳಿದ್ದನ್ನೇ, ಬಾಗಿ, ಕೆಳಗೆ, ಮಣ್ಣಿಗೆ ಬಿದ್ದು ನನ್ನ ಮೊಣಕಾಲಿನ ಪಕ್ಕದಿಂದ ಹಿಂದಿನ ಗೋಡೆಯವರೆಗೆ, ಮೂರನೆಯ ಬೇಸಿನವನು ನಗುತ್ತ ನನ್ನೆದುರಿನ ಹೋಮ್ ಬೇಸಿಗೆ ಓಡಿ ಬಂದ, ಆಟ ಸೋತೆವು, ಆರ್ವಿಲ್ ಚೆಂಡಿನ ಕಡೆ ನೋಡಲೇ ಇಲ್ಲ, ನನ್ನ ಮುಖ ನೋಡಿದ, ಅವನಿಗೆ ಗೊತ್ತಾಯಿತು.

ನೆಲಕ್ಕೆ ತಾಗಿ ತಪ್ಪಿದ ಚೆಂಡು ಪಿಚರ್‌ನ ತಪ್ಪೆಂದೇ ಬರೆಯುತ್ತಾರೆ, ಹಾಗೇ ಬರೆದರು, ಪತ್ರಿಕೆಯವರು ಸುತ್ತುವರಿದಾಗ ಆರ್ವಿಲ್, ಬೆವರಿತ್ತು ಕಣ್ರಯ್ಯಾ, ಕೈ ಜಾರಿತು, ನಡೀರಿ ಮನೆಗೆ, ಅಂದ, ನಾನು ಸ್ನಾನದ ಕೋಣೆಯಲ್ಲಿ ಮುಖಕ್ಕೆ ಸೋಪು ಹಚ್ಚಿದವನು ತೊಳೆಯಲೇ ಇಲ್ಲ, ಹೇಡಿ, ನಾಳೆ ಹೇಳಿದರಾಯಿತು, ನಾಳೆ ರೈಲು, ಆಮೇಲೆ ಚಳಿಗಾಲ, ವಸಂತಕ್ಕೆ ಅವನನ್ನು ಸಣ್ಣ ತಂಡಕ್ಕೆ ತಳ್ಳಿದರು, ಅಲ್ಲಿಂದ ಈ ಊರಿನ ಗಣಿಗೆ, ನಾನು ಇನ್ನೂ ಆರು ವರ್ಷ ಆಡಿದೆ, ಮನೆ ಕಟ್ಟಿದೆ, ಕ್ರಿಸ್ಮಸ್ಸಿಗೆ ಕಾರ್ಡು ಹೋಗುತ್ತಿತ್ತು, ಅದನ್ನೂ ರೋಜ್ ಬರೆಯುತ್ತಿದ್ದಳು. ಇವತ್ತು ಹೇಳಿಬಿಡಬೇಕೆಂದೇ ಬಂದದ್ದು, ಅವನ ಹೆಂಡತಿ ನದೀನ್‌ಗೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೇನೆ — ಅಗೋ ಬಂದಳು, ಕಾಫಿ ಜಗ್ಗು ಹಿಡಿದು, ಗಂಡನನ್ನು ಹೂತು ಬಂದವಳು ಬಡಿಸುತ್ತಿದ್ದಾಳೆ, ಇನ್ನೊಂಚೂರು ಹಾಕ್ಲಾ ಎಮಿಲ್, ಅಷ್ಟು ದೂರದಿಂದ ಬಂದ್ರಲ್ಲ, ಅವ್ರು ನಿಮ್ಮ ಬಗ್ಗೆ ಒಂದಿನ ಕೆಟ್ಟದು ಅಂದೋರಲ್ಲ ನೋಡಿ.

ಈಗ, ಈಗ ಹೇಳು — ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು, ದನಿ ತಗ್ಗಿಸಿದಳು, ನಿಮ್ಮನ್ನ ಒಂದು ಕೇಳ್ಬೇಕಿತ್ತು, ಕೊನೇ ಮೂರು ದಿನ ಅವ್ರಿಗೆ ಮಾತೇ ನಿಂತೋಗಿತ್ತು, ಅಷ್ಟು ಉಸಿರೇ ಇರ್ಲಿಲ್ಲ, ಆದ್ರೆ ಹಾಸಿಗೆ ಮೇಲೆ ಕೈ ಇಟ್ಕೊಂಡು ಒಂದು ಬೆರಳು ತೋರಿಸೋರು, ಆಮೇಲೆ ಎರಡು, ಮತ್ತೆ ಅದೇ, ನೀರು ಬೇಕಾ ಅಂದೆ, ಪಾದ್ರಿ ಬೇಕಾ ಅಂದೆ, ಅಲ್ಲ ಅಂತ ತಲೆ ಆಡಿಸಿಬಿಡೋರು, ಅದು ನಿಮ್ಮಿಬ್ಬರ ಭಾಷೆ ಅಲ್ವಾ, ನನಗೆ ಏನೋ ಹೇಳೋಕೆ ಹೊರಟಿದ್ರು, ಏನದು ಎಮಿಲ್. ಬಾಯಿಪಾಠವೆಲ್ಲ ಎಲ್ಲಿ ಹೋಯಿತು, ಕಪ್ಪನ್ನು ಮೇಜಿನ ಮೇಲಿಟ್ಟೆ, ದೂರುತ್ತಿದ್ದನೋ, ಇಲ್ಲ ನನ್ನನ್ನು ಕರೆಯುತ್ತಿದ್ದನೋ, ಅವನದು ಸರಿ ಇತ್ತಮ್ಮಾ, ಅಂದ ಎಮಿಲ್, ಅವನ ಕೈ ಜಾರಿರಲಿಲ್ಲ, ತಪ್ಪಿದ್ದು ನಾನು — ನದೀನ್ ಅವನ ಮುಖ ನೋಡುತ್ತಿಲ್ಲ, ಅವನ ತೊಡೆಯ ಕಡೆ ನೋಡುತ್ತಿದ್ದಾಳೆ, ಅಲ್ಲಿ ಅವನ ಡೊಂಕು ಕೈ ತನ್ನಷ್ಟಕ್ಕೆ ತಾನೇ ತೋರಿಸುತ್ತಿದೆ, ಒಂದು ಬೆರಳು, ಆಮೇಲೆ ಎರಡು, ಒಂದು, ಆಮೇಲೆ ಎರಡು.