ಮುಲ್‌ಸುಮ್ ಎಂಬ ಮಾತು

ಬು ಚುನ್‌ವೊಲ್‌ಗೆ ಓದು ಬರುತ್ತಿರಲಿಲ್ಲ. ಐವತ್ತೆಂಟು ವರ್ಷ ಜೇಜು ದ್ವೀಪದ ಸಮುದ್ರದಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ಕಿತ್ತವಳಿಗೆ ಅಕ್ಷರ ಕಲಿಯಲು ಪುರುಸೊತ್ತಾದರೂ ಎಲ್ಲಿತ್ತು? ಹಾಗಾಗಿ, ಮುಳುಗುವ ಹೆಂಗಸರ ಮಾತುಗಳನ್ನೆಲ್ಲ ಅರ್ಥದ ಸಮೇತ ಕೂಡಿಸಿದ ಪುಸ್ತಕ ಊರ ಸಭಾಮನೆಯಲ್ಲಿ ಬಿಡುಗಡೆಯಾದಾಗ, ಪಕ್ಕದಲ್ಲಿ ಕೂತಿದ್ದ ಜೊತೆಗಾತಿ ಸುನೊಕ್‌ಳ ಕೈಗೆ ಅದನ್ನು ತುರುಕಿ, “ಮುಲ್‌ಸುಮ್ ಅನ್ನೋದನ್ನ ಹುಡುಕಿ ಓದೇ” ಎಂದಳು.

ಸುನೊಕ್ ಬೆರಳಿಟ್ಟು ಓದಿದಳು. “ಮುಲ್ ಎಂದರೆ ನೀರು, ಸುಮ್ ಎಂದರೆ ಉಸಿರು. ನೀರಿನೊಳಗೆ ಉಸಿರು ಹಿಡಿಯುವ ಜಾಣ್ಮೆ. ನಮ್ಮ ಹೆಂಗಸರ ಹೆಮ್ಮೆ.”

“ಇನ್ನೊಂದ್ಸಲ ಓದು.”

ಎರಡನೇ ಸಲವೂ ಅದೇ ಇತ್ತು. ಚುನ್‌ವೊಲ್‌ಳ ಕಿವಿ ಬಿಸಿಯಾಯಿತು.

ಪುಸ್ತಕ ಮಾಡಿದ ಯಂಗ್‌ಜು ಎಂಬ ಹುಡುಗಿ ಎರಡು ವರ್ಷ ದಂಡೆಗೆ ಬಂದು, ಹೆಂಗಸರು ಮೈ ಕಾಯಿಸುವ ಬೆಂಕಿಯ ಸುತ್ತ ಕೂತು ಮಾತು ಬರೆದುಕೊಂಡಿದ್ದಳು. ಬೇರೆ ಮಾತುಗಳನ್ನು ನಗುನಗುತ್ತ ಹೇಳಿದ್ದ ಚುನ್‌ವೊಲ್, ಇದೊಂದನ್ನು ಹೇಳಲು ಮೂರು ದಿನ ತೆಗೆದುಕೊಂಡಿದ್ದಳು. ಅವಳ ತಂಗಿ ಬೊಕ್‌ಹಿ ಮೂವತ್ತೊಂದರ ಹರೆಯದಲ್ಲಿ ಹೋದದ್ದು ಅದರಿಂದಲೇ. ಉಸಿರು ಮುಗಿಯುತ್ತ ಬಂದು ಮೇಲೇಳುತ್ತಿದ್ದವಳ ಕಣ್ಣಿಗೆ ಬಂಡೆಯ ಸಂದಿಯಲ್ಲಿ ಅಂಗೈಗಿಂತ ದೊಡ್ಡ ಚಿಪ್ಪು ಬಿತ್ತು. ತಿರುಗಿ ಇಳಿದಳು. ಚಿಪ್ಪು ಬಂಡೆ ಬಿಡಲಿಲ್ಲ, ಇವಳು ಚಿಪ್ಪನ್ನು ಬಿಡಲಿಲ್ಲ. ಕೊನೆಗೆ ಮೈಯೇ ಅವಳ ಮಾತು ಮೀರಿ ಉಸಿರೆಳೆಯಿತು. ಒಳಗೆ ಬಂದದ್ದು ನೀರು. ಆ ಕಡೆಯ ಉಸಿರಿಗೆ ಮುಲ್‌ಸುಮ್ ಎನ್ನುತ್ತಾರೆ. ತಾಯಂದಿರು ಮಕ್ಕಳಿಗೆ ಈಜಿಗೂ ಮೊದಲು ಕಲಿಸುವ ಮಾತು ಅದು.

ವೇದಿಕೆಯ ಮೇಲೆ ಪ್ರವಾಸಿ ಸಮಿತಿಯ ಅಧ್ಯಕ್ಷ ಕಾಂಗ್ ಭಾಷಣ ಬಿಗಿಯುತ್ತಿದ್ದ. ಚುನ್‌ವೊಲ್ ಎದ್ದು ಮೆಟ್ಟಿಲು ಹತ್ತಿದಳು.

“ಅಜ್ಜಿ, ಸನ್ಮಾನ ಆಮೇಲಿದೆ, ಕೂತ್ಕೊಳ್ಳಿ” ಎಂದ ಕಾಂಗ್.

“ನಿನ್ನ ಶಾಲು ನೀನೇ ಹೊದ್ಕೋ. ಮುಲ್‌ಸುಮ್ ಅಂದ್ರೆ ಹೆಮ್ಮೆ ಅಂತ ಬರೆದೋರು ಯಾರು?”

ಯಂಗ್‌ಜು ತಲೆ ತಗ್ಗಿಸಿ ಎದ್ದು ನಿಂತಳು. “ನಾನು ನೀವು ಹೇಳಿದ ಹಾಗೇ ಬರೆದಿದ್ದೆ ಅಜ್ಜಿ. ಅಚ್ಚಿಗೆ ಹೋಗೋ ಮುಂಚೆ ಸಮಿತಿಯೋರು ತಿದ್ದಿದ್ರು. ನಾನು ಬಾಯಿ ಮುಚ್ಕೊಂಡಿದ್ದೆ.”

ಕಾಂಗ್ ನಕ್ಕ. “ಪ್ರವಾಸಿಗಳು ಓದೋ ಪುಸ್ತಕದಲ್ಲಿ ಸಾವು ಯಾಕಜ್ಜಿ? ಚೆಂದದ ಮಾತು, ಚೆಂದದ ಅರ್ಥ ಇರ್ಲಿ ಅಂತ ಮಾಡಿದ್ವಿ.”

“ಹಾಗಾದ್ರೆ ನನ್ನ ತಂಗಿ ಹೆಮ್ಮೆ ಕುಡಿದು ಸತ್ಲಾ? ನಾಳೆ ಯಾವಳೋ ಹೊಸಬಳು ಇದನ್ನೋದಿ, ಮುಲ್‌ಸುಮ್ ಒಳ್ಳೇದು ಅಂತ ನೀರಿಗಿಳಿದ್ರೆ ಹೆಣ ಎತ್ತೋಕೆ ನೀನು ಬರ್ತೀಯಾ? ಚಿಕ್ಕವನಿದ್ದಾಗ ದಂಡೆ ಹತ್ತಿರದ ನೀರಿಗಿಳಿಯೋಕೇ ಅಳ್ತಿದ್ಯಲ್ಲೋ ನೀನು!”

ಸಭೆಯಲ್ಲಿ ನಗೆ ಹಬ್ಬಿತು. ಕಾಂಗ್ ಮೈಕಿನ ಸ್ವಿಚ್ ಆರಿಸಿದ. ಚುನ್‌ವೊಲ್‌ಗೆ ಮೈಕು ಬೇಕಿರಲಿಲ್ಲ. ಅಲೆಯ ಮೇಲೆ ಕೂಗಿ ಕರೆದ ಗಂಟಲು ಅದು. “ಅರ್ಥ ಸರಿಯಾಗೋವರೆಗೂ ಒಂದು ಪುಸ್ತಕವೂ ಹೊರಗೆ ಹೋಗೋ ಹಾಗಿಲ್ಲ” ಎಂದವಳೇ ಬಾಗಿಲ ಬಳಿ ಪೇರಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಳು. ಸುನೊಕ್ ಇನ್ನೊಂದರ ಮೇಲೆ ಕೂತಳು. ಒಬ್ಬೊಬ್ಬರಾಗಿ ಹದಿನೇಳು ಹೆಂಗಸರು ಕೂತರು. ಗೆಣಸು ಬೇಯಿಸಿ ಅಲ್ಲೇ ತಿಂದರು. ಮರುದಿನ ಸಮುದ್ರ ಕನ್ನಡಿಯಂತಿದ್ದರೂ ಯಾರೂ ನೀರಿಗಿಳಿಯಲಿಲ್ಲ.

ಮೂರನೇ ದಿನ ಯಂಗ್‌ಜು ತನ್ನ ದುಡ್ಡಿನಿಂದಲೇ ಚೀಟಿ ಅಚ್ಚು ಹಾಕಿಸಿ ತಂದು ಓದಿದಳು: “ಮುಲ್‌ಸುಮ್: ಇನ್ನೊಂದು ಚಿಪ್ಪು ಸಿಕ್ಕೀತೆಂಬ ಆಸೆಗೆ ಸಮುದ್ರದೊಳಗೆ ಎಳೆದ ಕಡೆಯ ಉಸಿರು. ಯಾರೂ ಎಳೆಯಬಾರದ್ದು.”

“ಹೂಂ. ಹಳೇದರ ಮೇಲೆ ಅಂಟಿಸು” ಎಂದಳು ಚುನ್‌ವೊಲ್. ಹೆಂಗಸರೇ ಅಂಟು ಸವರಿ ಕೊಟ್ಟರು.

ಕಾಂಗ್ ಸಭೆಗೂ ಮುಂಚೆಯೇ ಒಂದು ಪೆಟ್ಟಿಗೆಯನ್ನು ಪಟ್ಟಣದ ಕಚೇರಿಗೆ ಸಾಗಿಸಿದ್ದನೆಂದು ಆಮೇಲೆ ತಿಳಿಯಿತು. ಚುನ್‌ವೊಲ್ ಉಳಿದ ಚೀಟಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಪಟ್ಟಣದ ಬಸ್ಸಿನ ಹೊತ್ತು ಕೇಳಿದಳು.