ವಿಳಂಬಕ್ಕೆ ಕಾರಣ

ವಕೀಲಮ್ಮ ಮೂವತ್ತು ವರ್ಷದಿಂದ ಜಮೀನಿನ ಕೇಸುಗಳನ್ನೇ ನಡೆಸಿಕೊಂಡು ಬಂದವಳು. ಗಡಿಕಲ್ಲು, ಪಾಲುಪಟ್ಟಿ, ಕ್ರಯಪತ್ರ ಇವುಗಳ ವಿಚಾರದಲ್ಲಿ ಆ ಕೋರ್ಟಿನಲ್ಲಿ ಅವಳ ಮುಂದೆ ನಿಲ್ಲುವವರಿರಲಿಲ್ಲ. ಎದುರು ಪಕ್ಷದವರು ಒಂದು ಕಾಗದ ತಂದರೆ ಇವಳು ಅದರ ತಾತನ ಕಾಲದ್ದೊಂದನ್ನು ಹೊರತೆಗೆಯುತ್ತಿದ್ದಳು. ಅಲ್ಲಿಗೆ ಕೇಸು ಮುಗಿದ ಹಾಗೆ. ಹಳೆಯ ಕಾಗದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, ಅದರ ವಯಸ್ಸೇ ಅದರ ಬಲ ಎಂಬುದನ್ನು ಅವಳ ಕಸುಬು ಅವಳ ಮೈಗೆ ಇಳಿಸಿಬಿಟ್ಟಿತ್ತು.

ಅಂಥವಳು ಪರದೇಶದ ಕಾನೂನು ಹುಡುಕಿಕೊಂಡು ವಿಶ್ವವಿದ್ಯಾಲಯದ ಲೈಬ್ರರಿಗೆ ಹೋದದ್ದು ಅವಳ ತಮ್ಮ ಸತ್ತ ಮೇಲೆ.

ಆ ತಮ್ಮ ಸಮುದ್ರದಾಚೆಯ ಒಂದು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಅವನ ಹೆಂಡತಿ ಮೊದಲೇ ಕಾಯಿಲೆಯಿಂದ ತೀರಿಕೊಂಡಿದ್ದಳು. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಅವನ ಆರು ವರ್ಷದ ಮಗಳು ಪುಟ್ಟಿ ಪಕ್ಕದ ಮನೆಯಲ್ಲಿ ಉಳಿದಳು. ಆ ಮನೆಯ ಗಂಡಸು ಬಸ್ ಡ್ರೈವರು. ಅವನ ಹೆಂಡತಿಯೇ ಮಗುವಿಗೆ ಊಟ ಹಾಕಿ, ತಲೆ ಬಾಚಿ, ಶಾಲೆಗೆ ಕಳಿಸುತ್ತಿದ್ದಳು. ಕಾಯಂ ಏರ್ಪಾಡಾಗುವ ತನಕ ಮಗು ಅಲ್ಲೇ ಇರಲಿ ಎಂದು ಅಲ್ಲಿನ ಕೋರ್ಟು ಹೇಳಿತು.

ಇಲ್ಲಿ ಅಮ್ಮನಿಗೆ ಒಂದೇ ಜಪ. ದೇವರ ಮುಂದೆ ಕಣ್ಣು ಮುಚ್ಚಿ ಕೂತವಳು, ಬಾಗಿಲ ಸದ್ದಾದರೆ ಕಣ್ಣು ತೆರೆಯದೆಯೇ ಕೇಳುವಳು.

"ಮಗು ಯಾವಾಗ ಬರುತ್ತೆ?"

"ಕಾನೂನು ನೋಡ್ಬೇಕಮ್ಮ."

"ಅಜ್ಜಿ ಹತ್ರ ಮೊಮ್ಮಗಳು ಬರೋದಕ್ಕೂ ಕಾನೂನಾ? ಯಾವ ಸೀಮೆ ಕಾನೂನೇ ಅದು?"

ಯಾವ ಸೀಮೆಯದು ಎಂಬುದೇ ವಕೀಲಮ್ಮನಿಗೂ ಗೊತ್ತಿರಲಿಲ್ಲ.

ಲೈಬ್ರರಿಯಲ್ಲಿ ಪರದೇಶದ ಕಾನೂನಿನ ವಿಭಾಗ ಮೇಲಂತಸ್ತಿನ ತುದಿಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದಾಕೆ ತಾನೂ ಕಾನೂನು ಓದಿ, ಪಾಠ ಹೇಳಿ, ಕಡೆಗೆ ಪುಸ್ತಕಗಳ ಜೊತೆಯೇ ನೆಮ್ಮದಿ ಎಂದು ಇಲ್ಲಿಗೆ ಬಂದ ಹೆಂಗಸು. ನಾಲಿಗೆ ಮಾತ್ರ ಬಹಳ ಹರಿತ.

"ಎರಡೂ ದೇಶ ಸಹಿ ಹಾಕಿರೋ ಒಪ್ಪಂದ ಒಂದಿದೆಯಂತಲ್ಲ, ಮಕ್ಕಳ ವಿಷಯದ್ದು? ಅದನ್ನ ಕೊಡಿ," ಎಂದಳು ವಕೀಲಮ್ಮ, ಕುರ್ಚಿ ಎಳೆದುಕೊಳ್ಳುವ ಮೊದಲೇ ಮಗುವಿನ ವಿಷಯವನ್ನೆಲ್ಲ ಹೇಳಿ.

"ಕೊಡ್ತೀನಿ. ಆದ್ರೆ ಅದು ಮಗೂನ ಗಡಿ ದಾಟಿಸಿ ಹೊತ್ತೊಯ್ದವರಿಗೆ. ನಿಮ್ಮ ಮಗೂನ ಯಾರು ಹೊತ್ಕೊಂಡು ಹೋದ್ರು? ಅದು ಹುಟ್ಟಿದ ಬೀದೀಲೇ ಇದೆಯಲ್ಲ."

ವಕೀಲಮ್ಮ ಕುರ್ಚಿ ಎಳೆದುಕೊಂಡು ಕೂತಳು.

"ಪರದೇಶದ ಕಾನೂನು ಅಂದ್ರೆ ಪರರ ಮನೆ ಅಡುಗೆಮನೆ ಇದ್ದ ಹಾಗೆ ಮೇಡಂ. ನಿಮ್ಮನೆ ಅಂದಾಜಿನಲ್ಲಿ ಉಪ್ಪಿನ ಡಬ್ಬಕ್ಕೆ ಕೈ ಹಾಕಿದ್ರೆ ಸೋಪಿನ ಪುಡಿ ಸಿಗುತ್ತೆ. ಮೊದಲು ಆ ದೇಶದವರು ಕಾನೂನನ್ನ ಎಲ್ಲಿಡ್ತಾರೆ ಅಂತ ತಿಳ್ಕೊಳ್ಳಿ. ನಮ್ಮ ಹಾಗೆ ತೀರ್ಪಿನಲ್ಲಿಡ್ತಾರೋ, ಒಟ್ಟಾಗಿ ಬರೆದಿಟ್ಟ ಸಂಹಿತೆಯಲ್ಲಿಡ್ತಾರೋ. ಅದಕ್ಕೆ ಅಂತಲೇ ಪರಿಚಯದ ಪುಸ್ತಕ ಇದೆ, ಅದನ್ನೋದಿ. ಆಮೇಲೆ ಮೂಲಕ್ಕೆ ಹೋಗಿ. ಭಾಷೆ ಬರದಿದ್ರೆ ಅನುವಾದ. ಎಲ್ಲಾ ಆದ ಮೇಲೆ, ಇದು ಇವತ್ತಿಗೂ ಜಾರಿಯಲ್ಲಿದೆಯಾ ಅಂತ ನೋಡಿ. ಅದೊಂದನ್ನ ಮರೀಬೇಡಿ."

"ನಾನೂ ವಕೀಲಳೇ ಕಣ್ರೀ," ಎಂದು ವಕೀಲಮ್ಮ ನಕ್ಕಳು.

"ಅದಕ್ಕೇ ಹೇಳಿದ್ದು," ಎಂದು ಆಕೆಯೂ ನಕ್ಕಳು.

ವಕೀಲಮ್ಮ ಕೋರ್ಟು ಮುಗಿದ ಮೇಲೆ ಅಲ್ಲಿಗೆ ಹೋಗಿ ಕೂರತೊಡಗಿದಳು. ಪರಿಚಯದ ಪುಸ್ತಕ ಓದಿದಳು. ಅಲ್ಲಿನ ನ್ಯಾಯಾಧೀಶರು ಹಳೆಯ ತೀರ್ಪುಗಳನ್ನು ಹಿಡಿದು ಕೂರುವವರಲ್ಲ, ಸಂಹಿತೆಯಲ್ಲಿ ಬರೆದದ್ದೇ ಅವರಿಗೆ ಪ್ರಮಾಣ ಎಂದು ತಿಳಿಯಿತು. ಕಪಾಟಿನಲ್ಲಿ ಆ ದೇಶದ ಕಾನೂನಿನ ಎರಡು ಅನುವಾದಗಳಿದ್ದವು. ಒಂದು ದಪ್ಪ ರಟ್ಟಿನದು, ಬೆನ್ನಿನ ಮೇಲೆ ಬಂಗಾರದ ಅಕ್ಷರ, ಒಳಗೆ ಸರ್ಕಾರದ ಮುದ್ರೆ, ದೊಡ್ಡ ಪಂಡಿತರೊಬ್ಬರ ಟಿಪ್ಪಣಿ. ಇನ್ನೊಂದು ಶಾಲಾ ಮಕ್ಕಳ ಪುಸ್ತಕದಷ್ಟು ತೆಳ್ಳಗೆ, ಬರೀ ಕುಟುಂಬದ ವಿಷಯದ್ದು, ಬಣ್ಣದ ಕಾಗದದ ಹೊದಿಕೆ.

ಅವತ್ತು ವಿಭಾಗದಾಕೆ ರಜೆಯಲ್ಲಿದ್ದಳು. ವಕೀಲಮ್ಮ ತೆಳುವಾದದ್ದನ್ನು ತಿರುವಿಹಾಕಿ, ಯಾರೋ ಹುಡುಗರಿಗೆಂದು ಮಾಡಿದ ಸಾರಾಂಶವಿರಬೇಕೆಂದು ಮತ್ತೆ ಒಳಗಿಟ್ಟಳು. ದಪ್ಪದ್ದನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿಗೆ ತಂದಳು. ಹಾಳೆಗಳು ಹಳದಿಯಾಗಿದ್ದವು. ಆ ವಾಸನೆ ಮೂಗಿಗೆ ಬಡಿದದ್ದೇ ಅವಳಿಗೆ ತನ್ನ ಕೋರ್ಟಿನ ರೆಕಾರ್ಡು ಕೋಣೆಗೆ ಬಂದಷ್ಟು ಧೈರ್ಯವಾಯಿತು. ಇಷ್ಟು ವರ್ಷ ಬಾಳಿದ ಪುಸ್ತಕ, ಗಟ್ಟಿಯಾಗೇ ಇರುತ್ತದೆ.

ಅದರಲ್ಲಿ ಬೇಕಾದದ್ದು ಸಿಕ್ಕಿತು. ತಂದೆ ತಾಯಿ ಇಬ್ಬರೂ ಇಲ್ಲದ ಮಗುವಿಗೆ ಮೊದಲ ಹಕ್ಕು ತಂದೆಯ ಕಡೆಯ ಅಜ್ಜ ಅಜ್ಜಿಯರದು. ಮಗು ಹನ್ನೆರಡು ತುಂಬುವುದರೊಳಗೆ ಅವರು ಯಾವಾಗ ಬೇಕಾದರೂ ಬಂದು ಕೇಳಬಹುದು.

ಮನೆಗೆ ಬಂದು ಹೇಳಿದಾಗ ಅಮ್ಮ ಎದ್ದು ಬಂದು ಮಗಳ ಎರಡೂ ಕೆನ್ನೆ ಹಿಡಿದಳು.

"ಖಂಡಿತಾನಾ?"

"ಅಚ್ಚಿನಲ್ಲಿದೆಯಮ್ಮ. ನೀನೇ ಮೊದಲು, ಆಮೇಲೆ ಉಳಿದವರು."

"ಹಾಗಾದ್ರೆ ನಾಳೇನೇ ಕೇಳು."

"ನಾಳೆ ಯಾಕೆ? ಕಾಲಾವಕಾಶ ಬೇಕಾದಷ್ಟಿದೆ. ಕಾಗದ ಪತ್ರ ಒಂದೂ ಬಿಡದ ಹಾಗೆ ಜೋಡಿಸ್ಕೊಂಡೇ ಹೋಗೋಣ. ಅರ್ಧಂಬರ್ಧ ಹೋದೋರು ಕೋರ್ಟಿನಲ್ಲಿ ಗೆದ್ದಿದ್ದು ನಾನು ನೋಡಿಲ್ಲ."

ಜಮೀನಿನ ಕೇಸಿಗೆ ಅದೇ ರೀತಿ. ಕಾಗದ ಪೂರ್ತಿಯಾಗದೆ ಅವಳು ಎಂದೂ ದಾವೆ ಹೂಡಿದವಳಲ್ಲ. ತಮ್ಮನ ಜನನ ಪತ್ರ, ಮದುವೆ ಪತ್ರ, ಮರಣ ಪತ್ರ, ಅವುಗಳ ಅನುವಾದ, ಅನುವಾದಕ್ಕೆ ಮುದ್ರೆ, ಆ ಮುದ್ರೆ ನಿಜವೆಂಬುದಕ್ಕೆ ಇನ್ನೊಂದು ಮುದ್ರೆ. ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಯಿತು. ಅಮ್ಮ ಒಂದು ಸಣ್ಣ ಮಂಚ ಮಾಡಿಸಿ ತನ್ನ ಮಂಚದ ಪಕ್ಕದಲ್ಲಿ ಹಾಕಿಸಿದಳು. ದಿನಾ ಅದರ ಮೇಲಿನ ಧೂಳು ಒರೆಸುವಳು. ನೋಡಬಂದವರಿಗೆಲ್ಲ ತೋರಿಸುವಳು. ಹೀಗೆ ಆರು ತಿಂಗಳು ದಾಟಿತು.

ಎಲ್ಲ ಸಿದ್ಧವಾದ ಮೇಲೆ ಆ ಕಲಮಿನ ನಕಲಿಗೆ ಲೈಬ್ರರಿಯ ಸೀಲು ಹಾಕಿಸಿಕೊಳ್ಳಲು ವಕೀಲಮ್ಮ ಮತ್ತೆ ಮೇಲಂತಸ್ತಿಗೆ ಹೋದಳು. ವಿಭಾಗದಾಕೆ ಸೀಲು ಎತ್ತಿದವಳು ಹಾಗೇ ನಿಂತಳು.

"ಇದನ್ನ ಯಾವ ಪುಸ್ತಕದಿಂದ ತೆಗೆದ್ರಿ?"

"ಅದೇ, ದಪ್ಪದ್ದು."

ಆಕೆ ಸೀಲು ಕೆಳಗಿಟ್ಟಳು. ಎದ್ದು ಹೋಗಿ ಆ ತೆಳ್ಳನೆಯ ಪುಸ್ತಕವನ್ನು ತಂದು, ಮೊದಲ ಹಾಳೆ ತೆರೆದು ತೋರಿಸಿದಳು. ಸಂಹಿತೆಯಲ್ಲಿದ್ದ ಕುಟುಂಬದ ಭಾಗವನ್ನು ಪೂರ್ತಿಯಾಗಿ ತೆಗೆದುಹಾಕಿ, ಅದರ ಜಾಗದಲ್ಲಿ ಈ ಬೇರೆ ಕಾಯ್ದೆಯನ್ನು ತಂದಿದ್ದೇವೆ ಎಂದು ಅದರಲ್ಲಿ ಬರೆದಿತ್ತು. ತಮ್ಮ ಸಾಯುವುದಕ್ಕೆ ಎಷ್ಟೋ ವರ್ಷ ಮೊದಲೇ.

ವಕೀಲಮ್ಮ ನಿಂತಲ್ಲೇ ಓದಿದಳು. ಮಗು ಯಾರ ಮಡಿಲಲ್ಲಿದೆಯೋ ಅವರನ್ನು ಕೋರ್ಟು ಮೊದಲು ನೋಡುತ್ತದೆ. ರಕ್ತ ಸಂಬಂಧಿಗಳೂ ಕೇಳಬಹುದು. ಆದರೆ ಮಗು ಅನಾಥವಾದ ಆರು ತಿಂಗಳೊಳಗೆ ಕೇಳಬೇಕು.

ಅವಧಿ ಮುಗಿದು ಕೆಲವು ವಾರಗಳಾಗಿದ್ದವು.

"ಮೊದಲನೇ ದಿನಾನೇ ಹೇಳಿದ್ದೆ," ಎಂದು ಶುರುಮಾಡಿದ ವಿಭಾಗದಾಕೆ ಅವಳ ಮುಖ ನೋಡಿ ತುಟಿ ಕಚ್ಚಿಕೊಂಡಳು. "ಕೂತ್ಕೊಳ್ಳಿ. ಕೂತ್ಕೊಳ್ಳಿ ಮೊದಲು."

ಆ ದೇಶದ ವಕೀಲನೊಬ್ಬನನ್ನು ಹುಡುಕಿ ಅಲ್ಲಿಂದಲೇ ಫೋನು ಮಾಡಿದರು. ಇಬ್ಬರಿಗೂ ಅರ್ಧ ಅರ್ಧ ಬರುವ ಭಾಷೆಯಲ್ಲಿ ಮಾತು ನಡೆಯಿತು. ಅವನು ಒಳ್ಳೆಯವನೇ. ಅವಧಿ ಮುಗಿದರೂ ಅರ್ಜಿ ಹಾಕಬಹುದು, ವಿಳಂಬಕ್ಕೆ ಕಾರಣ ಬರೆಯಬೇಕು ಎಂದ. ಅಜ್ಜಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದರೆ ಕೋರ್ಟು ಮನ್ನಿಸುತ್ತದೆ, ಹಾಗೆ ಮನ್ನಿಸಿದ್ದುಂಟು. ಕಾನೂನು ತಪ್ಪಾಗಿ ತಿಳಿದೆ ಎಂದರೆ ಮನ್ನಿಸುವುದಿಲ್ಲ. ಆಗ ಮಗುವನ್ನು ಕೊಡಿ ಎನ್ನುವ ಬಾಗಿಲು ಮುಚ್ಚಿತು, ನೋಡಲು ಬಿಡಿ ಎಂದು ಕೇಳುವುದಷ್ಟೇ ಉಳಿಯುತ್ತದೆ.

"ಅಜ್ಜಿಗೆ ಹುಷಾರಿರಲಿಲ್ಲವೇ?" ಎಂದು ಅವನು ಮೆಲ್ಲಗೆ ಕೇಳಿದ. ದಾರಿ ತೋರಿಸುವ ದನಿ ಅದು. ವಕೀಲಮ್ಮ ತಾನೇ ಎಷ್ಟೋ ಕಕ್ಷಿದಾರರನ್ನು ಅದೇ ದನಿಯಲ್ಲಿ ಕೇಳಿದ್ದಳು.

ಸಂಜೆ ಅಮ್ಮನ ಮುಂದೆ ಎಲ್ಲವನ್ನೂ ಹೇಳಿದಳು. ಬಿಡಿಸಿ ಬಿಡಿಸಿ ಹೇಳಿದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗೆ ಕಾಯಿಲೆ ಅಂತ ಬರಿ."

"ಅಮ್ಮ, ನೀನು ಒಂದು ದಿನಾನೂ ಮಲಗಲಿಲ್ಲ."

"ನಿನ್ನ ಕಕ್ಷಿದಾರರಿಗೆಲ್ಲ ಜ್ವರ ಬರಿಸಿದೋಳು ನೀನು. ಹೆತ್ತ ತಾಯಿಗೊಂದು ಜ್ವರ ಬರಿಸೋಕಾಗಲ್ವಾ?"

"ದೇವರ ಮುಂದೆ ಕೂರೋ ಬಾಯಲ್ಲಿ ಇಂಥ ಮಾತಾ ಅಮ್ಮ?"

"ದೇವರ ಹತ್ರ ನಾನು ಮಾತಾಡ್ಕೋತೀನಿ. ನನ್ನ ಮಗನ್ನ ಕರ್ಕೊಂಡಾಗ ನಾನು ಅವನನ್ನ ಯಾಕೆ ಅಂತ ಕೇಳಲಿಲ್ಲ. ಇದೊಂದಕ್ಕೆ ಅವನೂ ನನ್ನ ಕೇಳಬಾರದು. ಪಾಪ ಇದ್ರೆ ನನ್ನ ತಲೆ ಮೇಲಿರಲಿ. ನೀನು ಬರಿ."

ಮನೆಯ ಡಾಕ್ಟರು ಹೆಚ್ಚು ಕೇಳಲಿಲ್ಲ. ಮಗ ಸತ್ತ ದುಃಖಕ್ಕೆ ವಯಸ್ಸಾದವರು ಹಾಸಿಗೆ ಹಿಡಿಯುವುದು ಸಹಜವೇ ಎಂದು ಆರು ತಿಂಗಳ ಕಾಯಿಲೆಯ ಚೀಟಿ ಬರೆದುಕೊಟ್ಟರು. ಅದನ್ನು ಚೀಲದಲ್ಲಿ ಹಾಕಿಕೊಂಡು ವಕೀಲಮ್ಮ ನೆಟ್ಟಗೆ ಲೈಬ್ರರಿಗೆ ಹೋದಳು. ಅರ್ಜಿ ಕಳಿಸುವ ಮೊದಲು ಆ ತೆಳ್ಳನೆಯ ಕಾಯ್ದೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಓದಲೇಬೇಕೆಂದು ಹಟ ಹಿಡಿದಿದ್ದಳು. ಈ ಸಲ ಮೊದಲು ನೋಡಿದ್ದು, ಅದಾದ ಮೇಲೆ ಏನಾದರೂ ತಿದ್ದುಪಡಿ ಬಂದಿದೆಯೇ ಎಂಬುದನ್ನು. ವಿಭಾಗದಾಕೆಯೇ ಆ ದೇಶದ ರಾಜಪತ್ರವನ್ನು ಕಂಪ್ಯೂಟರಿನಲ್ಲಿ ತೆರೆದು, ಇತ್ತೀಚಿನ ಸಂಚಿಕೆಯ ತನಕ ಜೊತೆಗೆ ಕೂತು ತಡಕಿದಳು. ಏನೂ ಬಂದಿರಲಿಲ್ಲ.

ಕಾಯ್ದೆಯ ಕೊನೆಗೆ ಹತ್ತಿರದಲ್ಲಿ, ಸಣ್ಣ ಪುಟ್ಟ ವಿಷಯಗಳ ನಡುವೆ, ಒಂದು ಕಲಮಿತ್ತು. ಅನಾಥ ಮಗುವಿನ ಸಂಬಂಧವಾಗಿ ಕೋರ್ಟಿಗೆ ಬಂದ ಪ್ರತಿಯೊಂದು ಕಾಗದವೂ ಆ ಮಗುವಿನ ಆಸ್ತಿ. ವಯಸ್ಸಿಗೆ ಬಂದ ಮೇಲೆ ಅದು ಕೇಳಿದರೆ ಎಲ್ಲವನ್ನೂ ತೋರಿಸಬೇಕು. ಯಾವುದನ್ನೂ ಮುಚ್ಚಿಡುವಂತಿಲ್ಲ.

ವಕೀಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮತ್ತೆ ಏನಾಯ್ತು ಮೇಡಂ?" ಎಂದಳು ವಿಭಾಗದಾಕೆ.

"ಏನಿಲ್ಲ. ಇದನ್ನ ಅಮ್ಮನಿಗೆ ಹೇಳಬೇಕೋ ಬೇಡವೋ ಅಂತ."

ಬಸ್ಸಿನಲ್ಲಿ ನಿಂತು ಬರುವಾಗಲೂ ಅದೇ ಯೋಚನೆ. ಹೇಳದಿದ್ದರೆ ಮಗು ಬಂದರೂ ಬರಬಹುದು. ಬಂದು, ಬೆಳೆದು, ಯಾವತ್ತೋ ಒಂದು ದಿನ ಆ ಚೀಟಿ ಓದಿದರೆ ಓದಲಿ. ಹೇಳಿದರೆ? ಅಮ್ಮ ಏನು ಮಾಡುವಳೋ. ಆದರೆ ಇಷ್ಟು ದಿನ ತಾನೊಬ್ಬಳೇ ಓದಿ ತಾನೊಬ್ಬಳೇ ತೀರ್ಮಾನಿಸಿದ್ದರ ಫಲ ಕಣ್ಣ ಮುಂದೆಯೇ ಇತ್ತು.

ಹೇಳಿದಳು.

ಅಮ್ಮ ಕೇಳಿಸಿಕೊಂಡಳು. "ಎಲ್ಲಾ ಕಾಗದಾನೂ ತೋರಿಸ್ತಾರಾ?"

"ಎಲ್ಲಾ."

"ಡಾಕ್ಟರ ಚೀಟೀನೂ?"

"ಅದೂ."

ಅಮ್ಮ ಗೋಡೆಗೆ ಒರಗಿ ಕೂತಳು. ಅವಳ ಬೆರಳುಗಳು ಸುಮ್ಮನೆ ಸೆರಗಿನ ಅಂಚನ್ನು ಸುತ್ತುತ್ತಿದ್ದವು.

"ಆಗ ಅದು ಏನಂದ್ಕೊಳ್ಳುತ್ತೆ? ಅಪ್ಪ ಸತ್ತ, ಅಜ್ಜಿ ಆರು ತಿಂಗಳು ಹೊದ್ಕೊಂಡು ಮಲಗಿದ್ಲು. ನನ್ನ ನೆನಪೂ ಆಗಲಿಲ್ಲ ಅವಳಿಗೆ ಅಂತ. ಹಾಗೇ ತಾನೆ?"

ವಕೀಲಮ್ಮ ಚೀಲದಿಂದ ಆ ಚೀಟಿ ತೆಗೆದು ಅಮ್ಮನ ಮುಂದಿಟ್ಟಳು.

"ನಾನು ಮಲಗಿರಲಿಲ್ಲ ಕಣೇ. ಒಂದು ಗಳಿಗೆ ಮಲಗಿರಲಿಲ್ಲ." ಅಮ್ಮ ಚೀಟಿಯನ್ನು ಆಚೆ ತಳ್ಳಿದಳು. "ಆ ಚೀಟಿ ಬೇಡ. ನೀನು ಹಳೇ ಕಾನೂನು ಓದಿದೆ ಅಂತಲೇ ಬರಿ. ಆ ತಪ್ಪು ನಿನ್ನ ಹೆಸರಲ್ಲೇ ಇರಲಿ. ನನ್ನ ಹೆಸರಲ್ಲಿ ಬೇಡ."

"ಹಾಗೆ ಬರೆದ್ರೆ ಮಗು ಬರಲ್ಲ ಅಮ್ಮ."

"ಅವತ್ತೇ ಗೊತ್ತಾಯ್ತು ಕಣೇ. ಇನ್ನೆಷ್ಟು ಸಲ ಹೇಳ್ತೀಯ?"

ವಕೀಲಮ್ಮ ಮೇಜಿನ ಮುಂದೆ ಕೂತಳು. ವಿಳಂಬಕ್ಕೆ ಕಾರಣ ಎಂಬ ಕಡೆ ಲೇಖನಿ ಇಟ್ಟಳು. ಇಷ್ಟು ವರ್ಷದಲ್ಲಿ ಆ ಜಾಗದಲ್ಲಿ ಅವಳು ಬರೆಯದ ಕಾಯಿಲೆಯಿರಲಿಲ್ಲ, ಕೊಚ್ಚಿಹೋಗದ ಸೇತುವೆಯಿರಲಿಲ್ಲ. ಈಗ ಬರೆದಳು: ಅರ್ಜಿದಾರಳ ಮಗಳು ವಕೀಲಳು. ರದ್ದಾದ ಕಾನೂನನ್ನು ಜಾರಿಯಲ್ಲಿದೆಯೆಂದು ತಿಳಿದು ಕಾಲ ಕಳೆದಳು. ಅರ್ಜಿದಾರಳ ತಪ್ಪೇನೂ ಇಲ್ಲ. ಮಗುವನ್ನು ನೋಡಲು, ಮಾತಾಡಿಸಲು ಅವಕಾಶ ಕೊಡಬೇಕೆಂದು ಪ್ರಾರ್ಥನೆ.

ಅಮ್ಮ ಬಂದು ತೋರಿಸಿದ ಕಡೆ ಸಹಿ ಹಾಕಿದಳು. ಮಗಳ ಮುಖ ನೋಡಲಿಲ್ಲ. ಬಾಗಿಲ ತನಕ ಹೋಗಿ ನಿಂತಳು.

"ನೋಡೋಕಾದ್ರೂ ಬಿಡ್ತಾರೆ ಅನ್ನೋದನ್ನ ಸರಿಯಾಗಿ ಓದಿದ್ದೀಯಾ?"

"ಓದಿದ್ದೀನಮ್ಮ."

"ಈಗ ನಡೀತಿರೋ ಪುಸ್ತಕದಲ್ಲೇ ಇದೆಯಾ ಅದು?"

"ಅದರಲ್ಲೇ ಇದೆ."

ಅಮ್ಮ ಹೋಗಲಿಲ್ಲ. ತಿರುಗಿ ಬಂದು ಕುರ್ಚಿ ಎಳೆದುಕೊಂಡು ಮೇಜಿನ ಆಚೆ ಬದಿಗೆ ಕೂತಳು, ಕಕ್ಷಿದಾರರು ಕೂರುವ ಹಾಗೆ.

"ಇನ್ನೊಂದು ಸಲ ಓದು. ಗಟ್ಟಿಯಾಗಿ ಓದು, ನಾನೂ ಕೇಳ್ತೀನಿ."

ವಕೀಲಮ್ಮ ಆ ಕಾಯ್ದೆಯ ನಕಲು ತೆಗೆದು ಬಿಡಿಸಿದಳು. ಅದು ಅಮ್ಮನಿಗೆ ಬರುವ ಭಾಷೆಯಲ್ಲ. ಆದ್ದರಿಂದ ಒಂದೊಂದೇ ಸಾಲು ಓದಿ, ಅಲ್ಲಲ್ಲೇ ನಿಲ್ಲಿಸಿ, ಮನೆಮಾತಿನಲ್ಲಿ ಹೇಳತೊಡಗಿದಳು. ಅಮ್ಮ ಪ್ರತಿ ಸಾಲಿಗೂ ತಲೆಯಾಡಿಸುವ ಮೊದಲು "ಹಾಗಂದ್ರೆ?" ಎಂದು ಕೇಳುತ್ತಿದ್ದಳು.