ಸೊಟ್ಟಮೂತಿ ಓದಿದ ಕಾಗದ

ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಬಟ್ಟೆ ಹೊದಿಸಿ ಕೊಡುವ ಆ ಅಂಗಡಿಯಲ್ಲಿ ಇದ್ದದ್ದು ಮೂರೇ ಜನ, ಅದೂ ಬೆಕ್ಕನ್ನು ಸೇರಿಸಿಕೊಂಡರೆ. ಯಜಮಾನಿ ಅತ್ತೆ. ಅವಳ ತಮ್ಮನ ಮಗಳು ಗುಂಡುಸೂಜಿ. ಮೈ ನೋಡಿದರೆ ಕಡ್ಡಿ, ತಲೆ ನೋಡಿದರೆ ಗುಂಗುರು ಕೂದಲಿನ ದೊಡ್ಡ ಗುಡ್ಡೆ, ಹಾಗಾಗಿ ಹುಡುಗಿಗೆ ಆ ಹೆಸರು ಅಂಟಿಕೊಂಡಿತ್ತು. ಮೂರನೆಯದು ಸೊಟ್ಟಮೂತಿ ಎಂಬ ಕಪ್ಪು ಬೆಕ್ಕು.

ಅದಕ್ಕೊಂದು ವಿಚಿತ್ರ ಅಭ್ಯಾಸ. ಯಾರಾದರೂ ಕುರ್ಚಿ ಹೊತ್ತು ತಂದರೆ ಸಾಕು, ಎಲ್ಲಿದ್ದರೂ ಎದ್ದು ಬಂದು ಮೂಸುತ್ತಿತ್ತು. ಬಹುಪಾಲು ಕುರ್ಚಿಗಳನ್ನು ಮೂಸಿ ಸುಮ್ಮನೆ ಹೋಗಿಬಿಡುತ್ತಿತ್ತು. ಕೆಲವನ್ನು ಕಂಡಾಗ ಮಾತ್ರ ಥಟ್ಟನೆ ನಿಂತು, ಮೇಲಿನ ತುಟಿ ಸುರುಟಿ, ಬಾಯಿ ಅರ್ಧ ತೆರೆದು, ಕಣ್ಣು ಕಿರಿದು ಮಾಡಿಕೊಂಡು, ಹುಳಿ ಕಚ್ಚಿದ ಮಗುವಿನ ಹಾಗೆ ಮುಖ ಮಾಡುತ್ತಿತ್ತು. ಎದುರು ಮನೆಯ ಹಲ್ಲಿನ ಡಾಕ್ಟರಿಗಂತೂ ಒಮ್ಮೆ ಅವಮಾನವೇ ಆಗಿಹೋಗಿತ್ತು.

"ಏನಮ್ಮಾ ಇದು? ನನ್ನ ಸೋಫಾ ಅಷ್ಟು ನಾರುತ್ತಾ?"

"ಛೇ, ಇಲ್ಲ ಡಾಕ್ಟ್ರೇ," ಎಂದಿದ್ದಳು ಅತ್ತೆ, ಬಾಯಲ್ಲಿ ಕಚ್ಚಿದ್ದ ಮೊಳೆಗಳನ್ನು ಅಂಗೈಗೆ ಉಗಿದು. "ನೀವು ಬಂದ್ರಲ್ಲ, ಹಲ್ಲು ತೋರಿಸ್ತಿದೆ."

ಗುಂಡುಸೂಜಿಗೆ ಕುರ್ಚಿ ಕಂಡರೆ ಕೈಗಿಂತ ಮೊದಲು ಮನಸ್ಸು ಓಡುತ್ತಿತ್ತು. ಇದರ ಮೇಲೆ ಯಾರು ಕೂತಿದ್ದರು, ಯಾರು ಅತ್ತರು, ಯಾರು ಕಾಲಮೇಲೆ ಕಾಲು ಹಾಕಿ ಸುಳ್ಳು ಹೇಳಿದರು ಎಂದೆಲ್ಲ. ಅಜ್ಜಿಯ ತೊಡೆಯ ಮೇಲೆ ಕತೆ ಕೇಳಿ ಬೆಳೆದ ಹುಡುಗಿ, ಏನು ಮಾಡುತ್ತಾಳೆ? ಈ ಸಲ ಮಾತ್ರ ಅವಳು ಮೈಯೆಲ್ಲ ಕಣ್ಣಾಗಿ ದುಡಿದಿದ್ದಳು. ಮೊಟ್ಟಮೊದಲ ಬಾರಿಗೆ ಇಡೀ ಒಂದು ಕುರ್ಚಿಯನ್ನು ಅತ್ತೆ ಅವಳೊಬ್ಬಳ ಕೈಗೇ ಬಿಟ್ಟಿದ್ದಳು. "ಇದು ದೂರು ಹೊತ್ಕೊಂಡು ವಾಪಸ್ ಬರ್ಲಿಲ್ಲ ಅಂದ್ರೆ, ಸುತ್ತಿಗೆ ನಿಂದು," ಎಂದಿದ್ದಳು. ತುದಿಯಲ್ಲಿ ಅಯಸ್ಕಾಂತವಿದ್ದ ಆ ಪುಟ್ಟ ಸುತ್ತಿಗೆಯನ್ನು ಅತ್ತೆ ಇದುವರೆಗೆ ಯಾರಿಗೂ ಮುಟ್ಟಲು ಬಿಟ್ಟವಳಲ್ಲ.

ಕುರ್ಚಿ ಟಪಾಲಮ್ಮನದು. ನಲವತ್ತು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತಳಾದವಳು. ಗುಂಡುಸೂಜಿ ಕುರ್ಚಿಯ ಹಳೆಯ ಬಟ್ಟೆ, ಹತ್ತಿ, ಅಡಿಯ ಗೋಣಿ ಎಲ್ಲವನ್ನೂ ಕಿತ್ತು, ಮರವನ್ನು ಸಾಬೂನು ನೀರಲ್ಲಿ ತಿಕ್ಕಿ, ಪಾಲಿಶ್ ಹೊಡೆದು, ನೀಲಿ ಬಟ್ಟೆ ಹೊದಿಸಿ ಕಳಿಸಿದ್ದಳು. ಅತ್ತೆ ಬೆರಳು ಆಡಿಸಿ ಸುಕ್ಕು ಹುಡುಕಿ, ಸಿಗದೆ, "ಹ್ಞೂಂ" ಎಂದಿದ್ದಳು. ಅತ್ತೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಟಪಾಲಮ್ಮ ಬಾಗಿಲಲ್ಲಿ ನಿಂತಿದ್ದಳು.

"ಆ ಕುರ್ಚಿ ವಾಪಸ್ ತಗೊಂಡ್ಬಿಡಿ."

ಗುಂಡುಸೂಜಿ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ಎತ್ತಿದಳು. "ಯಾಕಮ್ಮಾ, ಸುಕ್ಕಾಯ್ತಾ?"

"ಸುಕ್ಕೂ ಇಲ್ಲ ಗಿಕ್ಕೂ ಇಲ್ಲ. ದೊಡ್ಡಪ್ಪ ಊಟ ಬಿಟ್ಟಿದಾನೆ."

"ಯಾರ ದೊಡ್ಡಪ್ಪ?"

"ನನ್ನ ಬೆಕ್ಕು ಕಣೇ! ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ ಮೇಲೆ ಮಲಗಿದೋನು. ಈಗ ಅದರ ಹತ್ರಾನೂ ಸುಳಿಯಲ್ಲ. ಮೂಸ್ತಾನೆ, ಹಿಂದಕ್ಕೆ ಸರೀತಾನೆ, ಹೋಗಿ ಮೇಜಿನ ಕೆಳಗೆ ಸೇರ್ಕೋತಾನೆ. ಪಶುವೈದ್ಯರು ನೋಡಿದ್ರು, ಕಾಯಿಲೆ ಏನೂ ಇಲ್ಲ. ಇವತ್ತೂ ತಿನ್ಲಿಲ್ಲ ಅಂದ್ರೆ ನಾಳೆ ಸೂಜಿ ಚುಚ್ಚಿ ನೀರು ಏರಿಸ್ಬೇಕಂತೆ. ಮುದುಕ ಅವನು, ತಡ್ಕೋತಾನಾ?"

ಗುಂಡುಸೂಜಿಗೆ ಸುತ್ತಿಗೆ ಮರೆತೇ ಹೋಯಿತು. ಅಷ್ಟರಲ್ಲಿ ಸೊಟ್ಟಮೂತಿ ಬಂದು ಟಪಾಲಮ್ಮನ ಕೈಚೀಲ ಮೂಸಿ, ಬಾಯಿ ತೆರೆದು, ತನ್ನ ಹುಳಿಮುಖ ಮಾಡಿತು.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ಇದಕ್ಕೆ ಸ್ವಲ್ಪ ಕೊಬ್ಬು."

"ಬೇಜಾರ್ಯಾಕೆ? ಇದು ಅಸಹ್ಯದ ಮುಖ ಅಲ್ಲ ಕಣೇ. ಪಕ್ಕದ್ಮನೆ ಬೆಕ್ಕು ನಮ್ಮ ಬಾಗಿಲಿಗೆ ಮೈ ಉಜ್ಜಿ ಹೋದ್ರೆ ದೊಡ್ಡಪ್ಪನೂ ಹೀಗೇ ಬಾಯಿ ಬಿಟ್ಕೊಂಡು ನಿಲ್ತಾನೆ. ಬೆಳಿಗ್ಗೆ ಈ ಚೀಲಕ್ಕೆ ಅವನು ಕೆನ್ನೆ ಉಜ್ಜಿದ್ದ. ಅದನ್ನೇ ಇದು ತಿಳ್ಕೋತಿದೆ."

ಗುಂಡುಸೂಜಿ ಕೂತಲ್ಲೇ ಕೂತಳು. ಅಜ್ಜಿಯ ಕತೆಯೊಂದು ಒಳಗಿನಿಂದ ಎದ್ದು ಬರುತ್ತಿತ್ತು. ಬಹಳ ಹಿಂದೆ ಎಲ್ಲ ಪ್ರಾಣಿಗಳಿಗೂ ಅಕ್ಷರ ಹಂಚುತ್ತಿದ್ದರಂತೆ. ಬೆಕ್ಕು ಬಿಸಿಲಲ್ಲಿ ನಿದ್ದೆ ಹೊಡೆದು ತಡವಾಗಿ ಹೋಯಿತಂತೆ. ಅಕ್ಷರವೆಲ್ಲ ಖಾಲಿ. ಬೆಕ್ಕು ಅಳುತ್ತಾ ನಿಂತಾಗ, ಹಂಚುವವನು ಕರಗಿ, ಅದರ ಕೆನ್ನೆಯಲ್ಲಿ ಮಸಿ ತುಂಬಿ, ಬಾಯೊಳಗೆ ಅಂಗುಳಿನಲ್ಲಿ ಎರಡು ಸಣ್ಣ ತೂತು ಕೊರೆದು ಕೊಟ್ಟನಂತೆ. "ಕೆನ್ನೆಯಿಂದ ಬರಿ, ಬಾಯಿ ತೆರೆದು ಓದು. ನಿನ್ನ ಕಾಗದ ಮನುಷ್ಯರಿಗೆ ಕಾಣದಿರಲಿ." ಹಾಗೆ ಹೇಳಿ ಅಜ್ಜಿ ತಾನೂ ತುಟಿ ಸುರುಟಿ ಬಾಯಿ ತೆರೆದು ತೋರಿಸುತ್ತಿದ್ದಳು. ಮೊಮ್ಮಗಳು ನಕ್ಕು ನಕ್ಕು ಉರುಳುತ್ತಿದ್ದಳು.

"ಅಯ್ಯೋ ಅಮ್ಮಾ!" ಎಂದಳು ಗುಂಡುಸೂಜಿ. "ಹದಿನಾಲ್ಕು ವರ್ಷ ಅವನು ಬರೆದಿದ್ದನ್ನೆಲ್ಲ ನಾನು ಸಾಬೂನು ಹಾಕಿ ತೊಳೆದ್ಬಿಟ್ಟೆ!"

ಗುಂಡುಸೂಜಿ ಹೇಳಿದ ಅಜ್ಜಿಯ ಕತೆ ಕೇಳಿದ ಮೇಲೆ ಟಪಾಲಮ್ಮ ನಿಧಾನವಾಗಿ ತಲೆದೂಗಿದಳು. "ಮನೆ ಅದೇ, ವಿಳಾಸ ಅಳಿಸಿ ಹೋಗಿದೆ. ಅವನು ಯಾವ ಧೈರ್ಯದ ಮೇಲೆ ಒಳಗೆ ಬರ್ತಾನೆ?"

ಹಳೆಯ ಬಟ್ಟೆ, ಹತ್ತಿ ನಿನ್ನೆಯೇ ಗುಜರಿ ಗಾಡಿ ಹತ್ತಿದ್ದವು. ಆದರೆ ಅಡಿಯ ಗೋಣಿಗಳನ್ನು ಅತ್ತೆ ಎಂದೂ ಎಸೆಯುತ್ತಿರಲಿಲ್ಲ. ಸಾಮಾನು ಸುತ್ತಲು ಬೇಕೆಂದು ಹಿಂದಿನ ಕೋಣೆಯಲ್ಲಿ ಒಟ್ಟುತ್ತಿದ್ದಳು. ಅಲ್ಲಿ ನೋಡಿದರೆ ಮೂವತ್ತಕ್ಕೂ ಹೆಚ್ಚು ತುಂಡುಗಳು, ಎಲ್ಲವೂ ಒಂದೇ ಕಂದು, ಒಂದೇ ದೂಳು. ಗುಂಡುಸೂಜಿ ಒಂದೊಂದನ್ನೇ ಮೂಗಿಗೆ ಹಿಡಿದು ಒಂಬತ್ತು ಸಲ ಸೀನಿದಳು. ಅತ್ತೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಓದು ಬರದೇ ಇರೋಳು ನೀನ್ಯಾಕೆ ಕಾಗದ ಹಿಡ್ಕೊಂಡಿದೀಯ? ಓದೋಳನ್ನ ಕರಿ."

ತುಂಡುಗಳನ್ನೆಲ್ಲ ನೆಲದ ಮೇಲೆ ಹರಡಿ ಸೊಟ್ಟಮೂತಿಯನ್ನು ಬಿಟ್ಟರು. ಮೂರು ಹೆಂಗಸರು ಉಸಿರು ಹಿಡಿದು ನಿಂತಿದ್ದನ್ನು ಕಂಡು ಅದಕ್ಕೆ ಗತ್ತು ಬಂತು. ಒಂದು ತುಂಡು ಮೂಸಿತು, ದಾಟಿತು. ಇನ್ನೊಂದರ ಮೇಲೆ ಕೂತು ಆರಾಮವಾಗಿ ಕಾಲು ನೆಕ್ಕಿಕೊಂಡಿತು.

"ಇದೇನಾ?" ಟಪಾಲಮ್ಮ ಪಿಸುಗುಟ್ಟಿದಳು.

"ಇಲ್ಲ, ಅದು ಬರೀ ಸ್ನಾನ," ಎಂದಳು ಅತ್ತೆ.

ಮತ್ತೆ ಎದ್ದಿತು. ಕಿಟಕಿಯ ಕೆಳಗಿನ ತುಂಡಿನ ಹತ್ತಿರ ಬಂದದ್ದೇ ನಿಂತಿತು. ಮೂಸಿತು, ಇನ್ನೊಮ್ಮೆ ಮೂಸಿತು. ತುಟಿ ಸುರುಟಿತು, ಬಾಯಿ ತೆರೆಯಿತು, ಕಣ್ಣು ಕಿರಿದಾಯಿತು. ಎಷ್ಟು ಹೊತ್ತು ಹಾಗೆ ನಿಂತಿತೆಂದರೆ, ಕಾಗದ ಬಹಳ ಉದ್ದದ್ದೇ ಇರಬೇಕು. ಗುಂಡುಸೂಜಿ ಆ ಗೋಣಿಯನ್ನು ಬೆಳಕಿಗೆ ಹಿಡಿದಳು. ನೇಯ್ಗೆಯ ಒಳಗೆ ಎರಡು ಬಿಳಿಯ ಕೂದಲು ಸಿಕ್ಕಿಕೊಂಡಿದ್ದವು.

"ದೊಡ್ಡಪ್ಪಂದೇ!" ಟಪಾಲಮ್ಮ ಚೀಲ ಎತ್ತಿಕೊಂಡು ಆಗಲೇ ಬೀದಿಗೆ ಇಳಿದಿದ್ದಳು.

ಅವಳ ಮನೆಯಲ್ಲಿ ಗುಂಡುಸೂಜಿ ಗೋಣಿಯನ್ನು ನೀಲಿ ಕುರ್ಚಿಯ ಮೇಲೆ ಹಾಸಿ, ದೂರ ಸರಿದು ಕೂತಳು. ಮೇಜಿನ ಕೆಳಗಿಂದ ಮೊದಲು ಮೀಸೆ ಬಂತು, ಆಮೇಲೆ ದೊಡ್ಡಪ್ಪ ಬಂದ. ಬಿಳಿ ಮೈ, ಹರಿದ ಕಿವಿ, ನಡಿಗೆಯಲ್ಲಿ ಮುನಿಸು. ಕುರ್ಚಿಯ ಅಂಚಿಗೆ ಮುಂಗಾಲು ಊರಿ ಮೂಸಿದ. ತನ್ನದೇ ಕೈಬರಹ, ಅದನ್ನು ಬಾಯಿ ತೆರೆದು ಓದುವ ಅಗತ್ಯವೇ ಬೀಳಲಿಲ್ಲ. ಹತ್ತಿದ. ಗೋಣಿಯನ್ನು ಹಿಟ್ಟು ನಾದುವ ಹಾಗೆ ತುಳಿದ. ಆಮೇಲೆ ಪಾಲಿಶ್ ಹೊಡೆದ ತೋಳಿಗೆ ಎಡಗೆನ್ನೆ ಉಜ್ಜಿದ, ಬಲಗೆನ್ನೆ ಉಜ್ಜಿದ. ವಿಳಾಸ ಬರೆದದ್ದಾಯಿತು.

ಟಪಾಲಮ್ಮ ಊಟದ ಬಟ್ಟಲನ್ನು ಅವನ ಮುಂದೆ ಚಾಚಿದಳು. ಮನೆಯಲ್ಲಿ ನೆಕ್ಕುವ ಸದ್ದೊಂದೇ ಕೇಳಿಸಿತು. ಬಟ್ಟಲು ಖಾಲಿಯಾದ ಮೇಲೂ ದೊಡ್ಡಪ್ಪ ಅದನ್ನು ನೆಕ್ಕುತ್ತಲೇ ಇದ್ದ. ಟಪಾಲಮ್ಮ ಮೂಗು ಒರೆಸಿಕೊಂಡು, ಯಾರಿಗೂ ಕಾಣಲಿಲ್ಲ ಎಂದುಕೊಂಡಳು.

ಸಂಜೆ ಅತ್ತೆ ತಾನೇ ನೋಡಲು ಬಂದಳು. "ದೂರು ಏನಾದ್ರೂ ಇದೆಯಾ?"

"ಇದೆ," ಎಂದಳು ಟಪಾಲಮ್ಮ, ಮರದ ಸ್ಟೂಲಿನ ಮೇಲೆ ಕೂತುಕೊಂಡೇ. "ನನ್ನ ಕುರ್ಚೀಲಿ ನನಗೇ ಜಾಗ ಇಲ್ಲ."

ಅತ್ತೆ "ಹ್ಞೂಂ" ಎಂದಳು. ನಂತರ ಚೀಲದಿಂದ ಪುಟ್ಟ ಸುತ್ತಿಗೆ ತೆಗೆದು ಗುಂಡುಸೂಜಿಯ ಕೈಗಿಟ್ಟಳು. "ಬೆಪ್ಪಿ ಹಾಗೆ ನೋಡ್ತಾ ನಿಲ್ಲಬೇಡ. ಅವನು ಇಳಿದಾಗ ಆ ಗೋಣೀನ ನೀಲಿ ಬಟ್ಟೆ ಅಡಿಗೆ ಸೇರಿಸಿ ಮೊಳೆ ಹೊಡಿ. ಇನ್ಮೇಲೆ ಯಾರೇ ಕುರ್ಚಿ ತಂದ್ರೂ ಮೊದಲು ಕೇಳು, ಮನೇಲಿ ಬೆಕ್ಕಿದೆಯಾ ಅಂತ."

"ಕೇಳೋದ್ಯಾಕತ್ತೆ?" ಎಂದಳು ಗುಂಡುಸೂಜಿ. "ಸೊಟ್ಟಮೂತಿ ಹೇಳ್ತಾಳಲ್ಲ!"

ಅಂಗಡಿಗೆ ಮರಳಿದಾಗ ಸೊಟ್ಟಮೂತಿ ಹೊಸ್ತಿಲಲ್ಲೇ ಕಾಯುತ್ತಿತ್ತು. ಗುಂಡುಸೂಜಿ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈ ಚಾಚಿದಳು. ಬೆಕ್ಕು ಮೂಸಿ, ತುಟಿ ಸುರುಟಿ, ಬಾಯಿ ತೆರೆದು ನಿಂತಿತು.

"ಏನಂತೆ ದೊಡ್ಡಪ್ಪ? ಏನು ಬರೆದಿದಾನೆ?" ಎಂದಳು ಹುಡುಗಿ, ತಾನೂ ಅಜ್ಜಿಯ ಹಾಗೆ ತುಟಿ ಸುರುಟಿ.

ಸೊಟ್ಟಮೂತಿ ಬಾಯಿ ಮುಚ್ಚಿತು. ಪರರ ಕಾಗದದ ವಿಷಯ ಹೊರಗೆ ಆಡುವ ಬೆಕ್ಕಲ್ಲ ಅದು.